ಮಗುವಿನ ಆಟಿಕೆಯಲ್ಲಿ ಸೀಸ: ಕೊಳ್ಳುವವರೂ ಮಾಡುವವರೂ ತಿಳಿಯಬೇಕಾದದ್ದು

(ಸ್ವಸಹಾಯ ಸಂಘಗಳ ಸದಸ್ಯೆಯರ ಮಾಹಿತಿ ಸಭೆಯಲ್ಲಿ ನೀಡಿದ ಭಾಷಣದ ಬರಹ ರೂಪ)



ಉಳಿತಾಯ, ಸಾಲ ಮರುಪಾವತಿ, ಪುಸ್ತಕ ಬರೆಯುವುದು, ಇವುಗಳ ಬಗ್ಗೆ ನಾವು ಅನೇಕ ಸಲ ಮಾತಾಡಿದ್ದೇವೆ. ಇವತ್ತಿನ ವಿಷಯ ಆಟಿಕೆ. ಆಟಿಕೆಯ ಬಗ್ಗೆ ಕೇಳಲಿಕ್ಕೆ ಮನೆಕೆಲಸ ಬಿಟ್ಟು ಬರಬೇಕಿತ್ತಾ ಅಂತ ಕೆಲವರಿಗೆ ಅನಿಸಬಹುದು. ಬರಬೇಕಿತ್ತು. ನಾವೆಲ್ಲ ತಾಯಂದಿರು, ಅಜ್ಜಿಯಂದಿರು. ಜಾತ್ರೆಗೆ ಹೋದರೆ ಮಗುವಿನ ಕೈಗೆ ಏನಾದರೂ ಕೊಡಿಸದೆ ಮನೆಗೆ ಬರುವುದಿಲ್ಲ. ಇನ್ನೊಂದು ಕಡೆ, ನಮ್ಮ ಸಂಘಗಳಲ್ಲಿ ಕೆಲವರು ಬಟ್ಟೆ ಗೊಂಬೆ, ಮಣಿಸರ, ಮರದ ಗಾಡಿ ಅಂತ ಮಾಡಿ ಮಾರಾಟ ಮಳಿಗೆಗೆ ತರಲು ಶುರು ಮಾಡಿದ್ದಾರೆ. ಅಂದರೆ ನಾವು ಕೊಳ್ಳುವವರೂ ಹೌದು, ಮಾರುವವರೂ ಹೌದು. ಎರಡೂ ಕಡೆಯ ಜವಾಬ್ದಾರಿ ನಮ್ಮ ಮೇಲಿದೆ.

ಸೀಸ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರಾವಳಿಯ ಮೀನುಗಾರರ ಮನೆಯಲ್ಲಿ ಬಲೆಗೆ ಕಟ್ಟುವ ಗುಂಡು ಸೀಸದ್ದೇ. ವಾಹನದ ಬ್ಯಾಟರಿಯ ಒಳಗೆ ಇರುವುದೂ ಸೀಸ. ಆದರೆ ಒಂದು ಗೊಂದಲ ಇದೆ. ಪೆನ್ಸಿಲಿಗೆ ನಾವು 'ಸೀಸದ ಕಡ್ಡಿ' ಅನ್ನುತ್ತೇವಲ್ಲ, ಅದರ ಒಳಗಿನ ಕಪ್ಪು ಕಡ್ಡಿಯಲ್ಲಿ ಸೀಸ ಇಲ್ಲ, ಅದು ಗ್ರಾಫೈಟ್. ಮಗು ಪೆನ್ಸಿಲ್ ಕಚ್ಚುವಾಗ ಯೋಚಿಸಬೇಕಾದದ್ದು ಒಳಗಿನ ಕಡ್ಡಿಯ ಬಗ್ಗೆ ಅಲ್ಲ, ಹೊರಗಿನ ಹಳದಿ, ಕೆಂಪು ಬಣ್ಣದ ಬಗ್ಗೆ.

ಬಣ್ಣದಲ್ಲಿ ಸೀಸ ಯಾಕೆ ಹಾಕುತ್ತಾರೆ? ಯಾರೂ ಮಕ್ಕಳಿಗೆ ವಿಷ ಕೊಡೋಣ ಅಂತ ಹಾಕುವುದಲ್ಲ. ಸೀಸದ ಕ್ರೋಮೇಟ್ ಎಂಬ ಪುಡಿ ಹಾಕಿದರೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಕಣ್ಣಿಗೆ ಹೊಡೆಯುವ ಹಾಗೆ ಬರುತ್ತವೆ, ಬಿಸಿಲಿಗೆ ಬೇಗ ಮಾಸುವುದಿಲ್ಲ, ಅಗ್ಗಕ್ಕೂ ಸಿಗುತ್ತದೆ. ಸೀಸದ ಇನ್ನು ಕೆಲವು ಪದಾರ್ಥಗಳು ಎನಾಮೆಲ್ ಬಣ್ಣ ಬೇಗ ಒಣಗುವಂತೆ ಮಾಡುತ್ತವೆ. ಕೆಲವು ಜಾತಿಯ ಪ್ಲಾಸ್ಟಿಕ್ ಬಾಳಿಕೆ ಬರಲಿ ಅಂತಲೂ ಸೀಸ ಸೇರಿಸುತ್ತಾರೆ. ಅಗ್ಗದ ಸರ, ಬಳೆ, ಪದಕಗಳಲ್ಲಿ ಲೋಹವೇ ಸೀಸವಾಗಿರುವುದೂ ಉಂಟು, ಯಾಕೆಂದರೆ ಅದು ಬೇಗ ಕರಗುತ್ತದೆ, ಅಚ್ಚಿಗೆ ಸುಲಭವಾಗಿ ಇಳಿಯುತ್ತದೆ, ಕೈಯಲ್ಲಿ ಹಿಡಿದರೆ ತೂಕ ಬರುತ್ತದೆ.

ಈ ಪದಕದ ವಿಷಯ ಹೇಳುವಾಗ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ 2006ರಲ್ಲಿ ನಡೆದದ್ದನ್ನು ಹೇಳಲೇಬೇಕು. ನಾಲ್ಕು ವರ್ಷದ ಒಬ್ಬ ಹುಡುಗನಿಗೆ ವಾಂತಿ ಶುರುವಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಹೊಟ್ಟೆಯ ಸಾಮಾನ್ಯ ಸೋಂಕು ಅಂತ ತಿಳಿದು ಮನೆಗೆ ಕಳಿಸಿದರು. ಎರಡು ದಿನದಲ್ಲಿ ಸ್ಥಿತಿ ಹದಗೆಟ್ಟು ಮತ್ತೆ ಕರೆತಂದರು. ಎಕ್ಸ್-ರೇ ತೆಗೆದಾಗ ಹೊಟ್ಟೆಯಲ್ಲಿ ಹೃದಯದ ಆಕಾರದ ಒಂದು ಸಣ್ಣ ಪದಕ ಕಂಡಿತು. ಬೂಟಿನ ಜೊತೆ ಉಚಿತವಾಗಿ ಕೊಟ್ಟ ಕೈಸರದ ಪದಕ ಅದು. ಪರೀಕ್ಷೆ ಮಾಡಿದರೆ ನೂರಕ್ಕೆ 99 ಭಾಗ ಸೀಸ! ಮಗುವಿನ ರಕ್ತದಲ್ಲಿ ಒಂದು ಡೆಸಿಲೀಟರಿಗೆ 180 ಮೈಕ್ರೋಗ್ರಾಂ ಸೀಸ ಇತ್ತು. ಮಗು ಉಳಿಯಲಿಲ್ಲ. ಆ ಸರ ಅವರ ಮನೆಯದ್ದೂ ಅಲ್ಲ, ಮಗು ಹೋಗಿದ್ದ ಇನ್ನೊಂದು ಮನೆಯ ಮಗುವಿನದ್ದು. ಮುಂದಿನ ತಿಂಗಳು ಕಂಪನಿಯು ಸುಮಾರು 3 ಲಕ್ಷ ಕೈಸರಗಳನ್ನು ವಾಪಸ್ ಕರೆಯಿತು. ಅಷ್ಟೊಂದು ಸರ ಮಾರುಕಟ್ಟೆಗೆ ಹೋಗುವ ಮೊದಲು ಒಂದನ್ನಾದರೂ ಪರೀಕ್ಷೆ ಮಾಡಿದ್ದರೆ ಸಾಕಿತ್ತು.

ಇದು ತೀರಾ ದೊಡ್ಡ ಪ್ರಮಾಣದ ವಿಷ. ಹೀಗಾಗುವುದು ಅಪರೂಪ. ನಮ್ಮ ಮನೆಗಳಲ್ಲಿ ಹೆಚ್ಚು ಭಯಪಡಬೇಕಾದದ್ದು ಸ್ವಲ್ಪ ಸ್ವಲ್ಪವಾಗಿ ಹೊಟ್ಟೆ ಸೇರುವ ಸೀಸಕ್ಕೆ. ಮಗು ಆಟಿಕೆಯನ್ನು ಚೀಪುತ್ತದೆ, ಬಣ್ಣದ ಹುಡಿ ಕೈಗೆ ಅಂಟುತ್ತದೆ, ಅದೇ ಕೈ ಬಾಯಿಗೆ ಹೋಗುತ್ತದೆ. ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಎಷ್ಟು ಪಾಲು ರಕ್ತಕ್ಕೆ ಸೇರುತ್ತದೋ, ಸಣ್ಣ ಮಕ್ಕಳಲ್ಲಿ ಅದರ ನಾಲ್ಕೈದು ಪಟ್ಟು ಸೇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಅಂತಲೂ ಅದೇ ಸಂಸ್ಥೆ ಹೇಳಿದೆ. ಮಿದುಳು ಬೆಳೆಯುವ ವಯಸ್ಸಿನಲ್ಲಿ ಸೀಸ ಸೇರಿದರೆ ಕಲಿಕೆ ಹಿಂದೆ ಬೀಳುತ್ತದೆ, ಗಮನ ನಿಲ್ಲುವುದಿಲ್ಲ, ಸಿಟ್ಟು, ಚಂಚಲತೆ ಹೆಚ್ಚುತ್ತದೆ. ಜ್ವರ ಇಲ್ಲ, ಕೆಮ್ಮು ಇಲ್ಲ, ಮೈಮೇಲೆ ಗುಳ್ಳೆ ಇಲ್ಲ. "ನಮ್ಮ ಹುಡುಗ ಸ್ವಲ್ಪ ದಡ್ಡ" ಅಂತ ಟೀಚರೂ ಹೇಳುತ್ತಾರೆ, ನಾವೂ ಒಪ್ಪಿಕೊಂಡು ಬಿಡುತ್ತೇವೆ. ರಕ್ತ ಪರೀಕ್ಷೆ ಮಾಡದೆ ಸೀಸ ಗೊತ್ತಾಗುವುದಿಲ್ಲ.

ಹೆಣ್ಣುಮಕ್ಕಳು ತಿಳಿಯಬೇಕಾದ ಇನ್ನೊಂದು ಮಾತು. ಸೀಸ ಎಲುಬಿನಲ್ಲಿ ಹೋಗಿ ಕೂತುಕೊಳ್ಳುತ್ತದೆ, ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಬಸುರಿಯಾದಾಗ ಎಲುಬಿನ ಸುಣ್ಣದ ಅಂಶ ಮಗುವಿಗಾಗಿ ಕರಗುವಾಗ ಸೀಸವೂ ಜೊತೆಗೆ ರಕ್ತಕ್ಕೆ ಬರುತ್ತದೆ. ಅಂದರೆ ಇವತ್ತಿನ ಹುಡುಗಿಯ ಮೈಗೆ ಸೇರಿದ್ದು ನಾಳೆ ಅವಳ ಮಗುವಿಗೂ ಹೋಗಬಹುದು.

ನಮ್ಮ ದೇಶದ ಲೆಕ್ಕ ಸಣ್ಣದಲ್ಲ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಎಂಬ ಸಂಸ್ಥೆ ಸೇರಿ ಹೊರತಂದ ವರದಿಯ ಅಂದಾಜಿನಂತೆ, ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇದೆ. ಅವರಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳು ಭಾರತದವರು. ಇದೆಲ್ಲ ಆಟಿಕೆಯಿಂದಲೇ ಬಂದದ್ದು ಅಂತ ಯಾರೂ ಹೇಳುವುದಿಲ್ಲ. ಹಳೆ ಬ್ಯಾಟರಿ ಒಡೆದು ಕರಗಿಸುವ ಕೆಲಸ, ಗೋಡೆಯ ಬಣ್ಣ, ಕಲಬೆರಕೆ ಮಸಾಲೆ, ಸುರ್ಮಾ, ಕೆಲವು ಪಾತ್ರೆಗಳು, ಎಲ್ಲದರ ಪಾಲೂ ಇದೆ. ಮೊದಲು ಪೆಟ್ರೋಲಿನಲ್ಲೂ ಸೀಸ ಹಾಕುತ್ತಿದ್ದರು, ನಮ್ಮ ದೇಶದಲ್ಲಿ 2000ದಲ್ಲಿ ಅದು ನಿಂತಿತು. ಈ ವಿಷಯದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರ ಹೆಸರು ಹೇಳಬೇಕು. ಸೀಸದ ಬಗ್ಗೆ ಇಲ್ಲಿ ಮಾತಾಡುವವರೇ ಕಡಿಮೆ ಇದ್ದ ಕಾಲದಿಂದ ಅವರು ಈ ಕೆಲಸ ಮಾಡುತ್ತಾ ಬಂದವರು. 1990ರ ದಶಕದ ಕೊನೆಯಲ್ಲಿ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ 10 ಮೈಕ್ರೋಗ್ರಾಂಗಿಂತ ಜಾಸ್ತಿ ಸೀಸ ಕಂಡಿತ್ತು.

ಸುರ್ಮಾ ಅಂದೆವಲ್ಲ, ಕಾಡಿಗೆ ಬಗ್ಗೆ ನಿಮಗೆ ಪ್ರಶ್ನೆ ಬಂದೇ ಬರುತ್ತದೆ. ದೀಪದ ಹೊಗೆ ಹಿಡಿದು ಹರಳೆಣ್ಣೆ ಸೇರಿಸಿ ಮಾಡುವ ಕಾಡಿಗೆಯ ಕಪ್ಪು ಮಸಿಯದ್ದು, ಅದರಲ್ಲಿ ಸೀಸ ಇರಬೇಕಾದ ಕಾರಣ ಇಲ್ಲ. ಕಲ್ಲು ಅರೆದು ಮಾಡುವ ಹೊಳಪಿನ ಸುರ್ಮಾದಲ್ಲಿ ಅನೇಕ ಸಲ ಆ ಕಲ್ಲೇ ಸೀಸದ ಅದಿರು. ಮಗುವಿನ ಕಣ್ಣಿಗೆ ಅದು ಬೇಡವೇ ಬೇಡ. ಮಸಿಯ ಕಾಡಿಗೆಯೂ ಕಣ್ಣಿನ ಒಳಗೆ ಬೇಡ ಅಂತ ಮಕ್ಕಳ ವೈದ್ಯರು ಹೇಳುತ್ತಾರೆ, ಆದರೆ ಅದು ಬೇರೆ ಕಾರಣಕ್ಕೆ, ಕಣ್ಣಿಗೆ ಸೋಂಕು ಆಗದಿರಲಿ ಅಂತ.

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ. ಕಣ್ಣಿನಲ್ಲಿ ನೋಡಿ, ಮೂಸಿ ನೋಡಿ, ಉಜ್ಜಿ ನೋಡಿ ಸೀಸ ಕಂಡುಹಿಡಿಯಲು ಸಾಧ್ಯವಿಲ್ಲ. "ಬಣ್ಣ ಬಿಡುವುದಿಲ್ಲ, ಹಾಗಾಗಿ ಒಳ್ಳೆಯದು" ಎನ್ನುವ ಮಾತು ನಂಬಬೇಡಿ, ಸೀಸದ ಬಣ್ಣಕ್ಕೆ ಬಾಳಿಕೆಯೇ ಹೆಚ್ಚು. ಮನೆಯಲ್ಲೇ ಒರೆಸಿ ನೋಡುವ ಕಡ್ಡಿಗಳು ಕೆಲವು ಕಡೆ ಸಿಗುತ್ತವೆ, ಸೀಸ ಇದ್ದರೆ ಕಡ್ಡಿಯ ತುದಿ ಕೆಂಪಾಗುತ್ತದೆ ಅಂತ ಹೇಳುತ್ತಾರೆ. ಅಮೆರಿಕದ ಗ್ರಾಹಕ ವಸ್ತು ಸುರಕ್ಷತಾ ಆಯೋಗ 2007ರಲ್ಲಿ ಇಂಥ ಕಡ್ಡಿಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಸಲ ಸೀಸ ಇದ್ದರೂ 'ಇಲ್ಲ' ಅಂತ ತೋರಿಸಿದವು. ಅದಕ್ಕೆ ದುಡ್ಡು ಹಾಕುವುದು ವ್ಯರ್ಥ ಅಂತಲೇ ನಮ್ಮ ಅಭಿಪ್ರಾಯ.

ಸರಿಯಾದ ಪರೀಕ್ಷೆ ಎರಡು ತರಹ ನಡೆಯುತ್ತದೆ. ಒಂದು, ಎಕ್ಸ್‌ಆರ್‌ಎಫ್ ಎಂಬ ಯಂತ್ರ. ಪಿಸ್ತೂಲಿನ ಹಾಗೆ ಕೈಯಲ್ಲಿ ಹಿಡಿಯುವಂಥದ್ದು. ಆಟಿಕೆಗೆ ತಾಗಿಸಿ ಒತ್ತಿದರೆ ಎಕ್ಸ್-ಕಿರಣ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಒಂದೆರಡು ನಿಮಿಷದಲ್ಲಿ ಹೇಳುತ್ತದೆ. ಆಟಿಕೆ ಹಾಳಾಗುವುದಿಲ್ಲ. ಮೊದಲ ಸೋಸುವಿಕೆಗೆ ಬಹಳ ಒಳ್ಳೆಯದು. ಆದರೆ ಬಣ್ಣದ ಪದರ ತೆಳುವಾಗಿದ್ದರೆ ಅಂಕಿ ಸ್ವಲ್ಪ ಆಚೀಚೆ ಆಗಬಹುದು, ಮಿತಿಯ ಹತ್ತಿರ ಬಂದ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಎರಡನೆಯದು ಪ್ರಯೋಗಾಲಯದ ಪರೀಕ್ಷೆ. ಬಣ್ಣವನ್ನು ಕೆರೆದು ತೆಗೆದು ಆಮ್ಲದಲ್ಲಿ ಹಾಕಿ ಸೀಸವನ್ನು ಅಳೆಯುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ವ್ಯಾಪಾರ ಮಾಡುವವರು ಗಮನ ಕೊಟ್ಟು ಕೇಳಿ. ಬಣ್ಣದ ಡಬ್ಬಿಗೆ ಒಂದು ಕಾನೂನು, ಆಟಿಕೆಗೆ ಇನ್ನೊಂದು ಮಾನದಂಡ. ಎರಡರಲ್ಲೂ 90 ಎನ್ನುವ ಸಂಖ್ಯೆ ಬರುತ್ತದೆ, ಹಾಗಾಗಿ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಒಟ್ಟು ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ದಾಟಬಾರದು ಅಂತ ಕೇಂದ್ರ ಸರ್ಕಾರ 2016ರ ನವೆಂಬರ್‌ನಲ್ಲಿ ನಿಯಮ ಮಾಡಿತು, ಅದು 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಲೆಕ್ಕ ಅರ್ಥವಾಗಬೇಕಾದರೆ ಹೀಗೆ ನೋಡಿ: ಒಂದು ಕಿಲೋ ಒಣ ಬಣ್ಣದಲ್ಲಿ 90 ಮಿಲಿಗ್ರಾಂ, ಅಂದರೆ ಒಂದು ಕಿಲೋ ಅಕ್ಕಿಯಲ್ಲಿ ಸುಮಾರು ನಾಲ್ಕು ಕಾಳು. ಆಟಿಕೆಯ ಮಾನದಂಡ ಐಎಸ್ 9873, ಅದರ ಮೂರನೇ ಭಾಗದಲ್ಲಿ ಲೋಹಗಳ ಮಾತು ಬರುತ್ತದೆ. ಅಲ್ಲಿ ಅಳೆಯುವುದು ಒಟ್ಟು ಸೀಸವನ್ನಲ್ಲ, ಮಗು ನುಂಗಿದರೆ ಹೊಟ್ಟೆಯಲ್ಲಿ ಎಷ್ಟು ಬಿಡುತ್ತದೆ ಎಂಬುದನ್ನು. ಕೆರೆದ ಬಣ್ಣವನ್ನು ಜಠರದಲ್ಲಿರುವಂಥ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಮೈಯ ಶಾಖದಷ್ಟೇ, ಅಂದರೆ 37 ಡಿಗ್ರಿಯಲ್ಲಿ, ಒಂದು ಗಂಟೆ ಅಲ್ಲಾಡಿಸಿ ಮತ್ತೊಂದು ಗಂಟೆ ಬಿಡುತ್ತಾರೆ. ಆಮೇಲೆ ಆ ದ್ರವದಲ್ಲಿ ಎಷ್ಟು ಸೀಸ ಇಳಿದಿದೆ ಅಂತ ನೋಡುತ್ತಾರೆ. ಅಲ್ಲೂ ಮಿತಿ ಕಿಲೋಗೆ 90 ಮಿಲಿಗ್ರಾಂ. ಹಾಗಾಗಿ ಯಾರಾದರೂ ವರದಿ ತೋರಿಸಿದರೆ "ಇದು ಒಟ್ಟು ಸೀಸದ್ದಾ, ಬಿಡುವ ಸೀಸದ್ದಾ?" ಅಂತ ಕೇಳಿ. ಕೇಳುವವರು ಇದ್ದಾರೆ ಅಂತ ಗೊತ್ತಾದರೆ ಮಾರುವವರೂ ಜಾಗ್ರತೆ ಆಗುತ್ತಾರೆ.

ಇನ್ನೊಂದು ಉಪಾಯ ಇದೆ, ಅದು ಮೋಸದ ಉಪಾಯ. ಐದು ಬಣ್ಣದ ಆಟಿಕೆಯಿಂದ ಐದೂ ಬಣ್ಣ ಕೆರೆದು ಒಟ್ಟಿಗೆ ಬೆರೆಸಿ ಪರೀಕ್ಷಿಸಿದರೆ, ಹಳದಿಯಲ್ಲಿರುವ ಸೀಸ ಉಳಿದ ನಾಲ್ಕರಲ್ಲಿ ಹಂಚಿಹೋಗಿ ಅಂಕಿ ಕಡಿಮೆ ಕಾಣುತ್ತದೆ. ಹಾಲಿಗೆ ನೀರು ಬೆರೆಸಿದ ಹಾಗೆ. ಮಗು ಹಳದಿ ಭಾಗವನ್ನೇ ಚೀಪಿದರೆ? ಆದ್ದರಿಂದ ಪ್ರತಿ ಬಣ್ಣಕ್ಕೂ ಬೇರೆ ಬೇರೆ ಪರೀಕ್ಷೆ ಆಗಿದೆಯಾ ನೋಡಬೇಕು.

ಪರೀಕ್ಷೆ ಒಂದು ಸಲ ಮಾಡಿಸಿದರೆ ಮುಗಿಯಿತಾ? ಇಲ್ಲ. 2007ರ ದೊಡ್ಡ ಪ್ರಕರಣ ಇದಕ್ಕೆ ಸಾಕ್ಷಿ. ಮ್ಯಾಟೆಲ್ ಅಂದರೆ ಬಾರ್ಬಿ ಗೊಂಬೆ ಮಾಡುವ ಕಂಪನಿ. ಆಗ ಪ್ರಪಂಚದಲ್ಲೇ ದೊಡ್ಡದಾಗಿತ್ತು, ಅವರದ್ದೇ ಪ್ರಯೋಗಾಲಯಗಳಿದ್ದವು, ಒಪ್ಪಿಗೆ ಪಡೆದ ಬಣ್ಣದ ಪೂರೈಕೆದಾರರ ಪಟ್ಟಿ ಇತ್ತು. ಆದರೂ ಆ ವರ್ಷದ ಆಗಸ್ಟ್‌ನಲ್ಲಿ ಸೀಸದ ಬಣ್ಣದ ಕಾರಣಕ್ಕೆ ಸುಮಾರು 15 ಲಕ್ಷ ಆಟಿಕೆಗಳನ್ನು ಒಮ್ಮೆಲೇ ವಾಪಸ್ ಕರೆಯಬೇಕಾಯಿತು. ಚೀನಾದಲ್ಲಿ ಅವರಿಗೆ ಆಟಿಕೆ ಮಾಡಿಕೊಡುತ್ತಿದ್ದ ಕಾರ್ಖಾನೆಗೆ ಹೊರಗಿನಿಂದ ಬಂದ ಬಣ್ಣದಲ್ಲಿ ಸೀಸ ಸೇರಿತ್ತು. ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿದ್ದ ಕಾರ್ಖಾನೆ ಅದು. ಕೆಲಸ ನಿಂತಿತು, ಸಾವಿರಾರು ಕಾರ್ಮಿಕರು ಬೀದಿಗೆ ಬಂದರು. ಮಾಲೀಕರಲ್ಲಿ ಒಬ್ಬರು ಅದೇ ತಿಂಗಳು ಪ್ರಾಣ ಕಳೆದುಕೊಂಡರು. ಕಂಪನಿಗೆ 2009ರಲ್ಲಿ 23 ಲಕ್ಷ ಡಾಲರ್ ದಂಡ ಬಿತ್ತು.

ನಮ್ಮ ಸಂಘಕ್ಕೆ ಇದರಲ್ಲಿ ಏನಿದೆ ಅಂತ ಕೇಳಿದರೆ, ಅದೇ ಬಣ್ಣದ ಡಬ್ಬಿ ಇದೆ. ಆರ್ಡರ್ ಜಾಸ್ತಿ ಬಂದಿದೆ, ಶನಿವಾರ ಸಂಜೆ ಹಳದಿ ಬಣ್ಣ ಮುಗಿದಿದೆ, ಪೇಟೆಯಲ್ಲಿ ಯಾವುದೋ ಹೆಸರಿಲ್ಲದ ಸಡಿಲ ಬಣ್ಣ ಸಿಗುತ್ತದೆ, ಯಾರಿಗೆ ಗೊತ್ತಾಗುತ್ತದೆ ಅಂತ ಅನಿಸುತ್ತದೆ. ಅಂಥ ಗಳಿಗೆಯಲ್ಲಿ ಕೆಲಸ ನಿಲ್ಲಿಸುವ ಧೈರ್ಯ ಬೇಕು. ಬಣ್ಣ ಕೊಳ್ಳುವಾಗಲೇ ಸೀಸ 90 ಪಿಪಿಎಂ ದಾಟಿಲ್ಲ ಅಂತ ಡಬ್ಬಿಯ ಮೇಲೆ ಬರೆದದ್ದನ್ನು ಓದಿ, ಬಿಲ್ ತೆಗೆದುಕೊಂಡು ಬ್ಯಾಚ್ ನಂಬರ್ ಪುಸ್ತಕದಲ್ಲಿ ಬರೆದಿಡಿ. ನಾವು ಸಾಲದ ಪುಸ್ತಕ ಬರೆಯುವುದಿಲ್ಲವಾ, ಹಾಗೆಯೇ ಬಣ್ಣದ ಪುಸ್ತಕ. ಯಾವ ದಿನ ಮಾಡಿದ ಗೊಂಬೆಗೆ ಯಾವ ಡಬ್ಬಿಯ ಬಣ್ಣ ಅಂತ ಗೊತ್ತಿದ್ದರೆ, ನಾಳೆ ತೊಂದರೆ ಕಂಡರೆ ಆ ಹತ್ತನ್ನು ಮಾತ್ರ ವಾಪಸ್ ತರಬಹುದು. ಗೊತ್ತಿಲ್ಲದಿದ್ದರೆ ಇಡೀ ವರ್ಷದ ಮಾಲು ಹೋಯಿತು. ಕಾರ್ಖಾನೆ ಬಳಕೆಯ ಬಣ್ಣಗಳಿಗೆ ಆ 90ರ ನಿಯಮ ಅನ್ವಯಿಸುವುದಿಲ್ಲ. ಹಾಗಾಗಿ ಗೇಟಿಗೆ, ಲಾರಿಗೆ ಹೊಡೆದು ಉಳಿದ ಬಣ್ಣವನ್ನು ಮರದ ಕುದುರೆಗೋ ತೊಟ್ಟಿಲಿಗೋ ಬಳಿಯುವ ನಮ್ಮ ಊರಿನ ಅಭ್ಯಾಸ ಬಿಡಲೇಬೇಕು.

ಇನ್ನು ಕಾನೂನು. ಭಾರತದಲ್ಲಿ ಎಷ್ಟೋ ವರ್ಷ ಆಟಿಕೆಗೆ ಮಾನದಂಡ ಇತ್ತು, ಪಾಲಿಸಲೇಬೇಕು ಅಂತ ಇರಲಿಲ್ಲ. ಭಾರತೀಯ ಗುಣಮಟ್ಟ ಪರಿಷತ್ತು 2019ರಲ್ಲಿ ದೆಹಲಿಯ ಮಾರುಕಟ್ಟೆಯಿಂದ ಆಟಿಕೆ ತಂದು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 67 ಅನುತ್ತೀರ್ಣವಾದವು. ಎಲ್ಲವೂ ಸೀಸದಿಂದ ಅಲ್ಲ, ಚೂಪು ಅಂಚು, ಬೇಗ ಮುರಿದು ಗಂಟಲಿಗೆ ಸಿಕ್ಕುವ ಚೂರು, ಬೇರೆ ರಾಸಾಯನಿಕಗಳು, ಹೀಗೆ. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಬಂತು, 2021ರ ಜನವರಿ 1ರಿಂದ ಜಾರಿಗೆ ಬಂತು. 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗೆ ಐಎಸ್‌ಐ ಗುರುತು ಇರಲೇಬೇಕು. ಗುರುತಿನ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಬರೀ ಗುರುತು ಮುದ್ರಿಸುವುದು ಯಾರಿಗೂ ಕಷ್ಟವಲ್ಲ, ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಬಿಐಎಸ್ ಕೇರ್ ಎಂಬ ಆ್ಯಪಿಗೆ ಹಾಕಿದರೆ ಪರವಾನಗಿ ಯಾರದ್ದು, ಈಗಲೂ ಚಾಲ್ತಿಯಲ್ಲಿದೆಯಾ ಅಂತ ತಿಳಿಯುತ್ತದೆ. ನಿಮ್ಮ ಮಕ್ಕಳಿಗೆ ಹೇಳಿದರೆ ಅರ್ಧ ನಿಮಿಷದಲ್ಲಿ ನೋಡಿಕೊಡುತ್ತಾರೆ. ದೊಡ್ಡ ಅಂಗಡಿ ಅಂತ ನಂಬುವ ಹಾಗೂ ಇಲ್ಲ. 2023ರ ಜನವರಿಯಲ್ಲಿ ಅಧಿಕಾರಿಗಳು ಗುರುತಿಲ್ಲದ ಸುಮಾರು 18,600 ಆಟಿಕೆಗಳನ್ನು ಹಿಡಿದದ್ದು ಮಾಲ್‌ಗಳ, ವಿಮಾನ ನಿಲ್ದಾಣಗಳ ಮಳಿಗೆಗಳನ್ನೂ ಸೇರಿಸಿ.

ಹಾಗಾದರೆ ಮನೆಯಲ್ಲಿ ಗೊಂಬೆ ಹೊಲಿಯುವ ನಮ್ಮ ಗತಿ ಏನು? ಆದೇಶದಲ್ಲಿ ವಿನಾಯಿತಿ ಇದೆ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಲ್ಲ. ಭೌಗೋಳಿಕ ಗುರುತು ಪಡೆದ ವಸ್ತುಗಳಿಗೂ, ಅದರ ನೋಂದಾಯಿತ ಬಳಕೆದಾರರು ಮಾಡಿದ್ದರೆ, ವಿನಾಯಿತಿ ಇದೆ. ನಮ್ಮ ಚನ್ನಪಟ್ಟಣದ ಗೊಂಬೆಗಳು ಹಾಗೆ ಬರುತ್ತವೆ. ಗಮನಿಸಿ, ನೋಂದಣಿ ಇದ್ದವರಿಗೆ ಮಾತ್ರ. "ನಾವು ಬಡವರು, ನಾವು ಸಂಘದವರು" ಅಂದರೆ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ಗೊಂಬೆ ಮಾಡುವ ಸದಸ್ಯೆಯರು ಮೊದಲು ಕುಶಲಕರ್ಮಿ ಗುರುತಿನ ಚೀಟಿಗೆ ಅರ್ಜಿ ಹಾಕಿ. ಮತ್ತೆ, ವಿನಾಯಿತಿ ಇರುವುದು ಗುರುತಿಗೆ. ಮಗುವಿನ ಹೊಟ್ಟೆಗೆ ವಿನಾಯಿತಿ ಗೊತ್ತಾಗುವುದಿಲ್ಲ. ಚೀಟಿ ಇದ್ದರೂ ಬಣ್ಣ ಬದಲಾದಾಗಲೆಲ್ಲ ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಒಂದು ಸಂಘಕ್ಕೆ ಖರ್ಚು ಭಾರವಾದರೆ ನಾಲ್ಕು ಸಂಘ ಸೇರಿ ಒಂದೇ ಅಂಗಡಿಯ ಒಂದೇ ಬ್ಯಾಚಿನ ಬಣ್ಣ ತಂದು ಒಂದೇ ವರದಿ ಮಾಡಿಸಬಹುದು.

ಅಮೆರಿಕದಲ್ಲೂ ಇದೇ ಜಗಳ ನಡೆದಿತ್ತು. 2008ರ ಆಗಸ್ಟ್‌ನಲ್ಲಿ ಅಲ್ಲಿ ಕಟ್ಟುನಿಟ್ಟಿನ ಕಾನೂನು ಬಂತು, ಮಕ್ಕಳ ವಸ್ತುಗಳಿಗೆ ಹೊರಗಿನ ಪ್ರಯೋಗಾಲಯದ ಪರೀಕ್ಷೆ ಕಡ್ಡಾಯವಾಯಿತು. ಮನೆಯಲ್ಲಿ ಆಟಿಕೆ ಮಾಡುವ ಸಣ್ಣವರು, ದೊಡ್ಡ ಕಂಪನಿ ಮಾಡಿದ ತಪ್ಪಿಗೆ ನಮಗೆ ಶಿಕ್ಷೆಯಾ ಅಂತ ಕೇಳಿದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಬಣ್ಣ ಹಚ್ಚದ ಮರ, ಹತ್ತಿ, ಉಣ್ಣೆಯಂಥ ವಸ್ತುಗಳಲ್ಲಿ ಸೀಸ ಬರುವುದೇ ಇಲ್ಲ ಅಂತ ಒಪ್ಪಿ ಆಮೇಲೆ ಅವಕ್ಕೆ ಪರೀಕ್ಷೆ ಬೇಡ ಅಂದರು. ಈ ಲೆಕ್ಕ ನಮಗೂ ಉಪಯೋಗ. ಬಣ್ಣ ಬಳಿಯದ ಹಾಲೆ ಮರದ ಗಿಲಿಗಿಲಿ, ಹತ್ತಿ ಬಟ್ಟೆಯ ಗೊಂಬೆ, ಕಣ್ಣಿಗೆ ಗುಂಡಿ ಬದಲು ನೂಲಿನ ಕಸೂತಿ, ಇವಕ್ಕೆ ಖರ್ಚೂ ಕಡಿಮೆ, ಅಪಾಯವೂ ಕಡಿಮೆ. ಚನ್ನಪಟ್ಟಣದಲ್ಲಿ ಅರಗಿಗೆ ಅರಿಸಿನದಂಥ ಸಸ್ಯದ ಬಣ್ಣ ಸೇರಿಸಿ ಮಾಡುವವರು ಇದ್ದಾರೆ. ಆದರೆ ಅರಿಸಿನವೂ ಶುದ್ಧವಿರಬೇಕು. ಬಾಂಗ್ಲಾದೇಶದಲ್ಲಿ ಅರಿಸಿನ ಕೊಂಬಿಗೆ ಹೊಳಪು ಬರಲಿ ಅಂತ ಅದೇ ಸೀಸದ ಕ್ರೋಮೇಟ್ ಹಚ್ಚುತ್ತಿದ್ದರು, 2019ರಲ್ಲಿ ಸಂಶೋಧಕರು ಅದನ್ನು ಬಯಲಿಗೆ ತಂದ ಮೇಲೆ ಸರ್ಕಾರ ದಾಳಿ ಮಾಡಿ ದಂಡ ಹಾಕಿ ನಿಲ್ಲಿಸಿತು. ಮಸಾಲೆ ಪುಡಿ ಮಾಡುವ ಸಂಘದವರು ಕೊಂಬು ತಂದು ತಾವೇ ಬೀಸಿದರೂ ಅತಿ ಹೊಳಪಿನ ಕೊಂಬು ಕೊಳ್ಳಬೇಡಿ.

ಮನೆಯಲ್ಲಿ ಈಗಾಗಲೇ ಇರುವ ವಸ್ತುಗಳ ಬಗ್ಗೆ ಸ್ವಲ್ಪ. ಬಣ್ಣ ಸಿಪ್ಪೆ ಏಳುತ್ತಿರುವ ಹಳೆ ಆಟಿಕೆಯನ್ನು ತಂಗಿಯ ಮಗುವಿಗೆ ದಾಟಿಸಬೇಡಿ. ಒಲೆಗೆ ಹಾಕಲೂಬೇಡಿ, ಹೊಗೆಯಲ್ಲಿ ಬರುತ್ತದೆ. ಹಳೆ ತೊಟ್ಟಿಲಿನ ಬಣ್ಣವನ್ನು ಒಣಗಿದ ಹಾಗೆಯೇ ಮರಳು ಕಾಗದದಲ್ಲಿ ಉಜ್ಜಿದರೆ ಹುಡಿ ಮನೆ ತುಂಬಾ ಹರಡುತ್ತದೆ, ಒದ್ದೆ ಮಾಡಿ ಉಜ್ಜಬೇಕು, ಆ ಹೊತ್ತು ಬಸುರಿಯರೂ ಮಕ್ಕಳೂ ಹತ್ತಿರ ಇರಬಾರದು. ಊಟಕ್ಕೆ ಮೊದಲು ಕೈ ತೊಳೆಸಿ. ಹೊಟ್ಟೆ ಖಾಲಿ ಇದ್ದರೆ, ಕಬ್ಬಿಣ ಮತ್ತು ಸುಣ್ಣದ ಅಂಶ ಕಡಿಮೆ ಇದ್ದರೆ ಮೈ ಸೀಸವನ್ನು ಹೆಚ್ಚು ಹೀರುತ್ತದೆ, ಆದ್ದರಿಂದ ರಾಗಿ, ನುಗ್ಗೆ ಸೊಪ್ಪು, ಹಾಲು, ಸಣ್ಣ ಮೀನು ಮಗುವಿಗೆ ಸಿಗಲಿ. ಇದು ಔಷಧ ಅಲ್ಲ, ತಡೆ ಮಾತ್ರ. ಮನೆಯಲ್ಲಿ ಬ್ಯಾಟರಿ ಕೆಲಸ ಅಥವಾ ಪೇಂಟಿಂಗ್ ಕೆಲಸ ಮಾಡುವವರಿದ್ದರೆ ಮಗುವಿನ ರಕ್ತ ಪರೀಕ್ಷೆ ಬಗ್ಗೆ ವೈದ್ಯರನ್ನು ಕೇಳಿ. 5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಸೀಸ ಇಳಿಸುವ ಔಷಧ ಬಹಳ ಹೆಚ್ಚಿದ್ದಾಗ ಮಾತ್ರ, ಅದೂ ಆಸ್ಪತ್ರೆಯಲ್ಲಿ. ಬೇರೆ ಯಾರಾದರೂ ಪುಡಿ, ಕಷಾಯ ಕೊಡುತ್ತೇವೆ ಅಂದರೆ ತೆಗೆದುಕೊಳ್ಳಬೇಡಿ.

ಇವತ್ತು ಬರುವಾಗ ಮನೆಯಿಂದ ಒಂದೊಂದು ಆಟಿಕೆ ತನ್ನಿ ಅಂತ ಹೇಳಿದ್ದೆವು, ತುಂಬಾ ಜನ ತಂದಿದ್ದೀರಿ. ಚಹಾ ಆದ ಮೇಲೆ ಅವುಗಳನ್ನು ಈ ಮೇಜಿನ ಮೇಲೆ ಇಡಿ. ಗುರುತು ಇರುವುದು ಒಂದು ಕಡೆ, ಇಲ್ಲದ್ದು ಒಂದು ಕಡೆ. ಸಿಎಂ/ಎಲ್ ಸಂಖ್ಯೆಯನ್ನು ಮೊಬೈಲಿನಲ್ಲಿ ಹೇಗೆ ನೋಡುವುದು ಅಂತ ಪ್ರತಿ ಸಂಘದಿಂದ ಇಬ್ಬರು ಕಲಿತು ಹೋಗಬೇಕು. ಗೊಂಬೆ ಮಾಡುವ ಸಂಘದವರು ಬಣ್ಣದ ಬಿಲ್ಲು ತಂದಿದ್ದರೆ ಅದನ್ನೂ ತೋರಿಸಿ.